ಮೋರಿ ದಾಟಿದ ಮೇಲಿನ ಎರಡು ಸೆಕೆಂಡು

ಗಾಡಿ ಮಗುಚಿ ಬಿದ್ದ ಮೇಲೂ ಅದರ ಚಕ್ರ ತಿರುಗುತ್ತಲೇ ಇತ್ತು. ಬಾನೆಟ್ಟು ಒಣಗಿದ ಮುತ್ತುಗದೆಲೆಯ ಹಾಗೆ ಮುದುರಿತ್ತು. ಬಾಗಿಲೊಂದು ಕಿತ್ತು ದೂರ ಹೋಗಿ ಬಿದ್ದಿತ್ತು. ಗಾಜಿನ ಚೂರು ರಸ್ತೆಯ ತುಂಬ ಚೆಲ್ಲಿತ್ತು. ಆಕಾಶಕ್ಕೆ ಮುಖ ಮಾಡಿದ ಮುಂಚಕ್ರ ಮಾತ್ರ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಸುತ್ತುತ್ತಿತ್ತು. ಹಾಲೇಶಪ್ಪಣ್ಣನ ನಡುಮನೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ನಾನು ಮೊದಲು ಕಂಡದ್ದು ಅದನ್ನು. ಹೊಸ್ತಿಲಾಚೆ ಚಪ್ಪಲಿ ಬಿಟ್ಟವಳು ಒಳಗೆ ಕಾಲಿಡಲಾರದೆ ಅಲ್ಲೇ ನಿಂತೆ.

ಅಣ್ಣ ನನ್ನನ್ನು ನೋಡಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಆ ದಪ್ಪ ಕೈಗಳು ಮೇಜಿಗೆ ಬಿಗಿದ ಒಂದು ಪ್ಲಾಸ್ಟಿಕ್ ಸ್ಟೇರಿಂಗನ್ನು ಹಿಡಿದಿದ್ದವು. ಕಾಲಡಿಗೆ ಎರಡು ಪುಟ್ಟ ಪೆಡಲು. ಮೈ ಕುಲುಕಿಸಿ ನಗುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಪೊಲೀಸರು ಬೆನ್ನು ಹತ್ತಿದ್ರು ತಂಗಿ. ಕಳ್ಳನ ಗಾಡಿ ನಂದು. ತಿರುವಿನಾಗೆ ಬ್ರೇಕು ಕೊಟ್ಟಿದ್ದು ಜಾಸ್ತಿ ಆತು” ಅಂದರು, ಯಾವುದೋ ಟ್ರಿಪ್ಪಿನ ಕತೆ ಹೇಳುವವರ ಹಾಗೆ.

ನಾನು ಆ ಮನೆಗೆ ಹೋಗಿ ಎರಡು ವರ್ಷದ ಮೇಲಾಗಿತ್ತು. ಅಂದು ಡಿಪೋದ ಸಹೋದ್ಯೋಗಿಯೊಬ್ಬರ ಮಗಳ ಮದುವೆಯ ಕರೆಯೋಲೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಅದಕ್ಕೇ ಹೋಗಿದ್ದೆ. ಒಂದು ಕಾಲದಲ್ಲಿ ನಾನು ಹಾಲೇಶಪ್ಪಣ್ಣನ ಬಸ್ಸಿನ ಕಂಡಕ್ಟರಾಗಿದ್ದೆ. ನಾಲ್ಕು ವರ್ಷ ಒಂದೇ ರೂಟು, ದಿನಕ್ಕೆ ಮೂರು ಸಲ ಹೋಗಿ ಬರುವುದು. ಹೆಣ್ಣು ಕಂಡಕ್ಟರ್ ಜೊತೆ ಡ್ಯೂಟಿ ಬೇಡ ಎಂದು ಬೇರೆಯವರು ಮುಖ ತಿರುಗಿಸಿದಾಗ, “ಬಸ್ಸಿಗೇನು ಗೊತ್ತಾಗುತ್ತೇನ್ರಿ ಗಂಟೆ ಹೊಡೆದೋರು ಯಾರು ಅಂತ” ಎಂದು ಒಪ್ಪಿಕೊಂಡವರು ಅವರು. ಬಸ್ಸಿನಲ್ಲಿ ಯಾರಾದರೂ ನನ್ನ ಮೇಲೆ ದನಿ ಏರಿಸಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಏನೂ ಮಾತಾಡದೆ, ಕನ್ನಡಿಯಲ್ಲಿ ಆ ಮನುಷ್ಯನನ್ನೇ ನೋಡುತ್ತ ಕೂರುತ್ತಿದ್ದರು. ಅವನು ತಣ್ಣಗಾದ ಮೇಲೆಯೇ ಗೇರು ಬೀಳುತ್ತಿತ್ತು.

ಆಮೇಲೆ ಆ ಅಪಘಾತವಾಯಿತು. ಊರಿಂದ ಹತ್ತು ಕಿಲೋಮೀಟರ್ ಆಚೆ, ಇಳಿಜಾರಿನಲ್ಲಿ ಒಂದು ಮೋರಿ, ಮೋರಿ ದಾಟಿದರೆ ಹಳ್ಳಿಯ ಕೂಡುರಸ್ತೆ. ಆ ಕೂಡುರಸ್ತೆಯಿಂದ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ತಿಪ್ಪೇಶಿ ಎಂಬ ಮನುಷ್ಯ ನಮ್ಮ ಬಸ್ಸಿಗೆ ಸಿಕ್ಕಿ ತೀರಿಕೊಂಡ. ಮೂವತ್ತೊಂದು ವರ್ಷದಲ್ಲಿ ಅಣ್ಣನ ಬಸ್ಸಿಗೆ ಒಂದು ಕುರಿಮರಿಯೂ ಸಿಕ್ಕಿರಲಿಲ್ಲ. ತನಿಖೆ ನಡೆಯಿತು, ಕೋರ್ಟೂ ಆಯಿತು. ಸಾಕ್ಷಿ ಕಟ್ಟೆಯಲ್ಲಿ ನಿಂತು ನಾನು ಹೇಳಿದ್ದು ಇಷ್ಟೇ: ಡ್ರೈವರು ರಸ್ತೆ ನೋಡಿಕೊಂಡೇ ಓಡಿಸುತ್ತಿದ್ದರು, ಮೊಪೆಡ್ಡು ಹಿಂದೆಮುಂದೆ ನೋಡದೆ ನುಗ್ಗಿತು. ತಪ್ಪು ಸತ್ತವನದೇ ಎಂದಾಯಿತು. ಹಾಲೇಶಪ್ಪಣ್ಣ ನಿರ್ದೋಷಿಯಾಗಿ ಹೊರಬಂದರು. ಆದರೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಸೇವೆ ಇನ್ನೂ ಇರುವಾಗಲೇ ನಿವೃತ್ತಿ ಬರೆದುಕೊಟ್ಟು ಮನೆ ಸೇರಿದರು.

ಕಂಪ್ಯೂಟರು ಅವರ ಮಗಳು ಶಶಿರೇಖಾಳದು. ಅವಳು ಊರಿನ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುತ್ತಿದ್ದಳು; ಗಂಡನ ಮನೆ ಪಕ್ಕದ ಬೀದಿಯಲ್ಲೇ. ಅಪ್ಪ ಗೋಡೆ ನೋಡುತ್ತ ಕೂರುವುದನ್ನು ಸಹಿಸಲಾರದೆ ತನ್ನ ಹಳೆಯ ಕಂಪ್ಯೂಟರನ್ನು ತಂದಿಟ್ಟು, ತನ್ನ ವಿದ್ಯಾರ್ಥಿಗಳು ಹುಚ್ಚು ಹಿಡಿದವರಂತೆ ಆಡುತ್ತಿದ್ದ ಈ ಆಟವನ್ನು ಹಾಕಿಕೊಟ್ಟಿದ್ದಳು. ಅದರಲ್ಲಿ ಗೆಲ್ಲುವುದು ಸೋಲುವುದು ಎಂಬುದಿರಲಿಲ್ಲ. ಬೇಕಾದ ಗಾಡಿ, ಬೇಕಾದ ರಸ್ತೆ. ಸುಮ್ಮನೆ ತಿರುಗಬಹುದು, ಪೊಲೀಸರಿಂದ ತಪ್ಪಿಸಿಕೊಂಡು ಓಡಬಹುದು, ಬೆಟ್ಟದ ಮೇಲಿಂದ ಕೆಳಗೆ ಬೀಳಿಸಬಹುದು. ಡಿಕ್ಕಿಯಾದರೆ ಗಾಡಿ ನಿಜದ ಗಾಡಿಯಂತೆಯೇ ನಜ್ಜುಗುಜ್ಜಾಗುತ್ತಿತ್ತು. ಎಲ್ಲಿಗೆ ಏಟು ಬಿತ್ತೋ ಅಲ್ಲೇ ತಗ್ಗು, ಎಷ್ಟು ವೇಗವೋ ಅಷ್ಟು ಪೆಟ್ಟು. ಒಂದು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತಾಗುತ್ತಿತ್ತು. “ಅಪ್ಪ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತೋ ಅಕ್ಕಾ” ಎಂದು ಶಶಿ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು. ಅವಳ ಎರಡೂವರೆ ವರ್ಷದ ಮಗಳು ತನ್ಮಯಿ ತಾತನ ಹತ್ತಿರ ಹೋಗಿ, ಎತ್ತಿಕೋ ಎಂದು ಕೈ ಚಾಚಿ ನಿಂತಿದ್ದಳು. ಅಣ್ಣ ಅವಳ ತಲೆ ಸವರಿ, “ಅಜ್ಜಿ ಹತ್ರ ಹೋಗು” ಅಂದರು. ಅದನ್ನು ನೋಡಿದೆ, ಅದರಲ್ಲಿ ಏನೋ ಇದೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಹೊರಡುವಾಗ ನೀಲಕ್ಕ, ಅಂದರೆ ಅಣ್ಣನ ಹೆಂಡತಿ, ಭಾನುವಾರ ಭಾನುವಾರ ಬಂದು ಹೋಗು, ನಿನ್ನನ್ನು ಕಂಡರೆ ಅವರಿಗೆ ಹಳೆಯ ದಿನಗಳ ಗೆಲುವು ಬರುತ್ತದೆ ಎಂದರು. ಬರುತ್ತೇನೆ ಎಂದೆ.

ಮುಂದಿನ ಕೆಲವು ವಾರಗಳಲ್ಲಿ ಆಟದ ಬಣ್ಣ ಬದಲಾಯಿತು. ಅಣ್ಣ ಕಳ್ಳನ ಗಾಡಿ ಬಿಟ್ಟು ಬಸ್ಸಿಗೆ ಬಂದರು. ಬಸ್ಸಿನ ತೂಕ ಎಷ್ಟಿಡಬಹುದು, ಬ್ರೇಕು ಎಷ್ಟು ಬಿಗಿ ಇಡಬಹುದು ಎಂದು ಮಗಳನ್ನು ಕೇಳಿ ಕೇಳಿ ತಿದ್ದಿಸಿದರು. ಒಂದು ಭಾನುವಾರ ನಾನು ಹೋದಾಗ ಪರದೆಯ ಮೇಲೆ ಒಂದು ಇಳಿಜಾರು, ಒಂದು ಮೋರಿ, ಎಡಕ್ಕೆ ಒಂದು ಕೂಡುರಸ್ತೆ ಇತ್ತು. ಆಟದಲ್ಲಿ ನಮಗೆ ಬೇಕಾದ ರಸ್ತೆಯನ್ನು ನಾವೇ ಕಟ್ಟಬಹುದಿತ್ತು. ಅಪ್ಪನ ಒತ್ತಾಯಕ್ಕೆ ಶಶಿ ಟೇಪು ಹಿಡಿದು ಆ ಜಾಗಕ್ಕೆ ಹೋಗಿ, ಪಂಚನಾಮೆಯ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಮೋರಿಯಿಂದ ಕೂಡುರಸ್ತೆಗಿದ್ದ ದೂರವನ್ನು ಅಳೆದು ತಂದಿದ್ದಳು. ಮೂವತ್ತು ಮೀಟರು.

ಮುಂದಿನ ಸೀಟಿನಲ್ಲಿದ್ದ ಮುದುಕರೊಬ್ಬರು, ಬಸ್ಸು ಮೋರಿಯ ಮೇಲಿದ್ದಾಗಲೇ ಮೊಪೆಡ್ಡು ರಸ್ತೆಗೆ ಹತ್ತಿದ್ದು ಕಂಡೆ ಎಂದು ಪೊಲೀಸರಿಗೆ ಹೇಳಿದ್ದರು. ಆ ಮಾತು ಕಾಗದದಲ್ಲಿ ಹಾಗೇ ಉಳಿದಿತ್ತು. ಯಾರೂ ಅದನ್ನು ಅಳೆದು ನೋಡಿರಲಿಲ್ಲ. ಈಗ ಅಣ್ಣ ಅಳೆಯುತ್ತಿದ್ದರು. ಬಸ್ಸು ನಲವತ್ತರ ವೇಗದಲ್ಲಿ ಮೋರಿಯ ಮೇಲೆ ಬರುವುದು, ಆ ಕಡೆಯಿಂದ ಮೊಪೆಡ್ಡು ರಸ್ತೆಗೆ ಹತ್ತುವುದು, ಅಣ್ಣನ ಕಾಲು ಬ್ರೇಕಿನ ಮೇಲೆ. ಬಸ್ಸು ಮೂಗು ತಗ್ಗಿಸಿ ನಿಲ್ಲುತ್ತಿತ್ತು, ಮೊಪೆಡ್ಡು ಅದರ ಮುಂದೆ ದಾಟಿಕೊಂಡು ಹೋಗುತ್ತಿತ್ತು. ನಾನು ನೋಡುತ್ತಿದ್ದಂತೆ ಹನ್ನೊಂದು ಸಲ ಓಡಿಸಿದರು. ಹನ್ನೊಂದು ಸಲವೂ ತಿಪ್ಪೇಶಿ ಬದುಕಿದ.

“ಅಪ್ಪ, ಇದು ಆಟ. ನಾವು ಹಾಕಿದ ತೂಕ, ನಾವು ಹಾಕಿದ ಬ್ರೇಕು. ನಿಜವಾದ ಟೈರು ಎಷ್ಟು ಸವೆದಿತ್ತೋ ಯಾರಿಗೆ ಗೊತ್ತು?” ಅಂದಳು ಶಶಿ.

“ನನಗ್ ಗೊತ್ತು. ಅವತ್ತು ಬೆಳಿಗ್ಗೆ ನಾನೇ ನೋಡಿದ್ದೆ. ಹೊಸಾ ಟೈರು.”

ಹನ್ನೆರಡನೆಯ ಸಲ ಅವರು ಮೋರಿ ದಾಟಿದ ಮೇಲೆ ಬಾಯಲ್ಲಿ ಒಂದು, ಎರಡು ಎಂದು ಎಣಿಸಿ ಆಮೇಲೆ ಬ್ರೇಕು ಒತ್ತಿದರು. ಮೊಪೆಡ್ಡು ಎಗರಿ ಬಲಗಡೆಯ ಹೊಂಡದ ಅಂಚಿಗೆ ಬಿತ್ತು. ಅದರ ಹಿಂಚಕ್ರ ಮೇಲಾಗಿ ತಿರುಗುತ್ತಿತ್ತು. ಅಂದೂ ಹಾಗೆಯೇ ಬಿದ್ದಿತ್ತು, ಅದೇ ಹೊಂಡ, ಅದೇ ಅಂಚು. ಚೆಲ್ಲಿದ ಹಾಲಿನ ನಡುವೆ ಆ ಚಕ್ರ ನಿಲ್ಲುವುದನ್ನೇ ನಾನು ಅಂದು ನೋಡುತ್ತ ನಿಂತಿದ್ದೆ, ಅತ್ತ ಮನುಷ್ಯನ ಕಡೆ ನೋಡುವ ಧೈರ್ಯವಿಲ್ಲದೆ.

ಶಶಿ ಮಗುವಿಗೆ ಊಟ ಮಾಡಿಸಲು ಒಳಗೆ ಹೋದಾಗ ಅಣ್ಣ ನನ್ನ ಕಡೆ ಕುರ್ಚಿ ತಿರುಗಿಸಿಕೊಂಡರು. ಮೋರಿ ಹತ್ತಿದ್ದು ತನಗೆ ನೆನಪಿದೆ, ಆಮೇಲೆ ಶಬ್ದ ಕೇಳಿದ್ದು ನೆನಪಿದೆ, ನಡುವೆ ಏನೂ ಇಲ್ಲ, ಸ್ಲೇಟು ಒರೆಸಿದ ಹಾಗಿದೆ ಎಂದರು.

“ಎರಡು ಸೆಕೆಂಡು ನಾನು ಎಲ್ಲಿದ್ದೆ ತಂಗಿ? ನೀನು ಪಕ್ಕದಾಗೇ ನಿಂತಿದ್ದೆಲ್ಲ.”

ಅವರೇ ಮುಂದುವರಿಸಿದರು. ಅವರ ಒಡಹುಟ್ಟಿದ ಅಣ್ಣನೊಬ್ಬನಿಗೆ ಮೂರ್ಛೆ ರೋಗವಿತ್ತಂತೆ. ಮಾತಾಡುತ್ತ ಮಾತಾಡುತ್ತಲೇ ಕಣ್ಣು ಒಂದು ಕಡೆ ನಿಂತುಬಿಡುತ್ತಿತ್ತಂತೆ. ಒಂದು ದಿನ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದವನು ಹಾಗೇ ನೀರಿಗೆ ಹೋದನಂತೆ. ಅದೇ ತನಗೂ ಬಂದಿದೆ ಎಂಬುದು ಹಾಲೇಶಪ್ಪಣ್ಣನ ಭಯ. ಇಬ್ಬರು ಡಾಕ್ಟರು ತಲೆಯ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದಿದ್ದರು. ಇವರು ನಂಬಿರಲಿಲ್ಲ.

“ಮತ್ಯಾವಾಗ ಬರ್ತೈತೋ ಹೆಂಗ್ ಹೇಳೋದು? ಅದಕ್ಕೇ ನಾನು ಕೂಸನ್ನ ಎತ್ಕೊಳ್ಳಲ್ಲ. ಹುಟ್ಟಿದಾಗಿಂದ ಒಂದ್ ದಿನ ಎತ್ಕೊಂಡಿಲ್ಲ. ಇವರ‍್ಯಾರಿಗೂ ಹೇಳಿಲ್ಲ, ನೀನೂ ಹೇಳ್ಬೇಡ.”

ಆಗಲೂ ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, “ನೀವು ರಸ್ತೆನೇ ನೋಡ್ತಿದ್ರಿ ಅಣ್ಣಾ. ಕೋರ್ಟಲ್ಲೂ ಅದನ್ನೇ ಹೇಳಿದೀನಲ್ಲ” ಅಂದೆ. ಅವರು ತಲೆಯಾಡಿಸಿ, ಗುಂಡಿ ಒತ್ತಿ, ಮೊಪೆಡ್ಡನ್ನು ಎತ್ತಿ ನಿಲ್ಲಿಸಿದರು. ನಾನು ಮನೆಗೆ ಬಂದು ಅಮ್ಮನಿಗೆ ಊಟ ಬಡಿಸಿ, ನನ್ನ ತಟ್ಟೆಯ ಮುಂದೆ ಕೂತು, ಅನ್ನ ಕಲಸಿ ಹಾಗೇ ಬಿಟ್ಟು ಎದ್ದೆ. ಅದುವರೆಗೂ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದ ರೀತಿ ಒಂದೇ: ನನ್ನ ಸಾಕ್ಷಿ ಅಣ್ಣನನ್ನು ಉಳಿಸಿತು. ಉಳಿಸಿದ್ದು ಯಾರನ್ನು ಎಂಬುದು ಆ ದಿನ ನನಗೆ ಅರ್ಥವಾಯಿತು.

ಮುಂದಿನ ಭಾನುವಾರ ಹೋಗಬಾರದೆಂದುಕೊಂಡೆ, ಹೋದೆ. ಅಣ್ಣ ನನಗಾಗಿಯೇ ಕಾಯುತ್ತಿದ್ದರು. ತಾನು ಓಡಿಸಿದರೆ ಮೊಪೆಡ್ಡು ಬರುತ್ತದೆಂದು ಕಾಲಿಗೆ ಮೊದಲೇ ಗೊತ್ತಾಗಿಬಿಡುತ್ತದೆ, ಅದಕ್ಕೇ ಬಸ್ಸು ನಿಲ್ಲುತ್ತದೆಯೋ ಏನೋ, ಅಭ್ಯಾಸವಿಲ್ಲದವರು ಓಡಿಸಿ ನೋಡಬೇಕು ಎಂದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ತಾವು ನನ್ನ ಎಡಕ್ಕೆ, ಕಂಬಿ ಹಿಡಿದ ಕಂಡಕ್ಟರ ಹಾಗೆ ಕುರ್ಚಿಯ ಬೆನ್ನು ಹಿಡಿದು ನಿಂತರು. ಎರಡು ಮೂರು ಸಲ ಓಡಿಸಿದೆ. ಮೊದಮೊದಲು ಬಸ್ಸು ರಸ್ತೆ ಬಿಟ್ಟು ಹೊಲಕ್ಕಿಳಿಯಿತು. ಆಮೇಲೆ ಕೈ ಕೂತಿತು. ಮೊಪೆಡ್ಡು ಬಂತು, ನನ್ನಂಥವಳ ಕೈಯಲ್ಲೂ ಬಸ್ಸು ನಿಂತಿತು.

ಐದನೆಯ ಸಲವೋ ಆರನೆಯ ಸಲವೋ, ಬಸ್ಸು ಮೋರಿಯ ಹತ್ತಿರ ಬರುತ್ತಿದ್ದಾಗ, ನೀಲಕ್ಕ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಒಳಗಿಂದ ಬಂದರು. “ತಗೋಳವ್ವ, ಬಿಸಿ ಐತೆ” ಎಂದು ನನ್ನ ಎಡಗಡೆಯಿಂದ ತಟ್ಟೆ ಚಾಚಿದರು. ನಾನು ತಿರುಗಿದೆ. ಎಡಗೈ ತಾನಾಗಿ ಸ್ಟೇರಿಂಗ್ ಬಿಟ್ಟು ತಟ್ಟೆಯತ್ತ ಹೋಯಿತು. ಪರದೆಯಿಂದ ಆ ಶಬ್ದ ಬಂತು.

ತಟ್ಟೆ ನನ್ನ ಕೈ ಜಾರಿ ಮಂಡಕ್ಕಿ ನೆಲದ ತುಂಬ ಚೆಲ್ಲಿತು. ಪರದೆಯ ಮೇಲೆ ಮೊಪೆಡ್ಡಿನ ಚಕ್ರ ಸುತ್ತುತ್ತಿತ್ತು. ಅದು ನಿಲ್ಲುವ ತನಕ ನೋಡಿದೆ. ಆಮೇಲೆ ನಾನು ಹೇಳಿದೆ.

ಆ ದಿನ ಬೆಳಿಗ್ಗೆ ನನಗೆ ಡಿಪೋ ಕೌಂಟರಿಗೆ ವರ್ಗವಾದ ಆದೇಶ ಬಂದಿತ್ತು. ಮಂಡಿನೋವಿನಲ್ಲಿ ನರಳುವ ಅಮ್ಮನ ಜೊತೆ ಇನ್ನು ಸಂಜೆ ಹೊತ್ತಿಗೆ ಮನೆಯಲ್ಲಿರಬಹುದೆಂಬ ಸಂತೋಷಕ್ಕೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪೇಡ ಕಟ್ಟಿಸಿಕೊಂಡಿದ್ದೆ. ಟಿಕೆಟ್ಟು ಕೊಟ್ಟು ಮುಗಿದ ಮೇಲೆ ಮುಂದಕ್ಕೆ ಬಂದು, ಒಂದು ಪೇಡ ತೆಗೆದು, “ಅಣ್ಣಾ, ಬಾಯಿ ಸಿಹಿ ಮಾಡ್ಕೊಳ್ಳಿ” ಎಂದು ಚಾಚಿದೆ. ಬಸ್ಸು ಆಗ ಮೋರಿಯ ಮೇಲಿತ್ತು. ನಿಲ್ಲಿಸಿದ ಮೇಲೆ ಕೊಡಬಹುದಿತ್ತು. ಕಾಯಲಾರದಷ್ಟು ಸಂತೋಷ ನನಗೆ. ಅವರು ಏನು ವಿಶೇಷ ಎನ್ನುವಂತೆ ನಗುತ್ತ ನನ್ನ ಕಡೆ ತಿರುಗಿದರು, ಎಡಗೈ ಚಾಚಿದರು. ಆ ಕೂಡುರಸ್ತೆಯಲ್ಲಿ ಪ್ರತಿದಿನ ನಮ್ಮ ಬಸ್ಸು ನಿಧಾನವಾಗುತ್ತಿತ್ತು. ಆ ದಿನ ಆಗಲಿಲ್ಲ. ಇಷ್ಟನ್ನು ಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದವಳು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದೆ.

ಹಾಲೇಶಪ್ಪಣ್ಣ ಬಹಳ ಹೊತ್ತು ತಮ್ಮ ಎಡಗೈಯನ್ನೇ ನೋಡುತ್ತಿದ್ದರು.

“ತಿಂದೆನಾ?” ಎಂದು ಕೇಳಿದರು.

ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

“ಪೇಡ. ತಿಂದೆನಾ ನಾನು?”

“ಇಲ್ಲಣ್ಣಾ. ಕೈಯಾಗೇ ಇತ್ತು. ಕೆಳಗಿಳಿಯೋವಾಗ ಎಲ್ಲಿ ಬಿತ್ತೋ ನೋಡಲಿಲ್ಲ.”

“ಆಸ್ಪತ್ರೆ ನಲ್ಲಿಗೆ ಹೋಗಿ ಹೋಗಿ ಈ ಕೈ ತೊಳ್ಕೊಂಡೆ ಅವತ್ತು. ಅಂಟು ಅಂಟು. ರಕ್ತ ಅಂದ್ಕೊಂಡಿದ್ದೆ. ನೋಡಿದ್ರೆ ರಕ್ತ ಇಲ್ಲ.” ಅವರು ಇನ್ನೂ ಕೈಯನ್ನು ನೋಡುತ್ತಲೇ ಇದ್ದರು. ಆಮೇಲೆ, ದನಿ ಏರಿಸದೆ, “ಮೂರು ವರ್ಷ, ತಂಗಿ” ಅಂದರು. ಕೈ ಕೆಳಗಿಳಿಸಿ, “ಈಗ ನೀನು ಹೋಗು” ಅಂದರು.

ನೀಲಕ್ಕ ಬಾಗಿಲ ತನಕ ಬರಲಿಲ್ಲ. ನೆಲದ ಮೇಲೆ ಕೂತು ಮಂಡಕ್ಕಿ ಬಳಿಯುತ್ತಿದ್ದರು.

ಆಮೇಲೆ ಐದು ವಾರ ಆ ಮನೆಯಿಂದ ಸುದ್ದಿಯಿರಲಿಲ್ಲ. ಆರನೆಯ ವಾರ, ಒಂದು ಬೆಳಿಗ್ಗೆ, ನನ್ನ ಕೌಂಟರಿನ ಮುಂದೆ ಅವರು ನಿಂತಿದ್ದರು. ಹೆಗಲ ಮೇಲೆ ತನ್ಮಯಿ ಇದ್ದಳು. ತಾತನ ಕಿವಿ ಹಿಡಿದುಕೊಂಡು, ಆ ಎತ್ತರದಿಂದ ಡಿಪೋದ ಬಸ್ಸುಗಳನ್ನೆಲ್ಲ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ಆ ಮಾತನ್ನು ಅವರು ಮುಂದೆಯೂ ಎಂದೂ ಆಡಲಿಲ್ಲ. ತಿರುಗಿದ್ದು ತನ್ನ ಕತ್ತು, ಚಾಚಿದ್ದು ತನ್ನ ಕೈ, ಅದರಲ್ಲಿ ನಿನ್ನ ಪಾಲೆಷ್ಟು ನನ್ನ ಪಾಲೆಷ್ಟು ಎಂದು ತೂಗುತ್ತ ಕೂರುವುದಕ್ಕೆ ತನಗೆ ಇಷ್ಟವಿಲ್ಲ ಎಂದರು. ಆದರೆ ಇನ್ನೊಂದು ಮನೆಯಿದೆ, ಅಲ್ಲಿಗೆ ಹೋಗಬೇಕು ಎಂದರು.

“ನಾವು ನಿಧಾನ ಮಾಡ್ತೀವಿ ಅಂತ ನಂಬಿ ರಸ್ತೆಗೆ ಹತ್ತಿದ ಆ ಮನುಷ್ಯ. ಅವನು ಕುರುಡನಂಗೆ ನುಗ್ಗಿದ ಅಂತ ಬರೆಸಿ ಬಂದೀವಿ.”

ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಸುಳ್ಳು ಸಾಕ್ಷಿ ಹೇಳಿದವಳು ನಾನು. ಕೆಲಸ ಹೋಗಬಹುದು, ಇನ್ನೂ ಹೆಚ್ಚಿನದೂ ಆಗಬಹುದು. ಎರಡು ದಿನ ಯೋಚಿಸಿ, ನಡೆದದ್ದನ್ನು ನಡೆದ ಹಾಗೆ ಎರಡು ಪುಟ ಬರೆದು ಡಿಪೋ ಮ್ಯಾನೇಜರ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಇದನ್ನು ಯಾಕಮ್ಮ ಈಗ ಎಂದರು. ಮುಚ್ಚಿದ ಕೇಸನ್ನು ಯಾರೂ ತೆರೆಯಲಿಲ್ಲ. ನನ್ನನ್ನು ಮಾತ್ರ ಆರು ತಿಂಗಳು ಅಮಾನತಿನಲ್ಲಿಟ್ಟು, ಆಮೇಲೆ ಮತ್ತೆ ರೂಟಿಗೆ ಹಾಕಿದರು. ಅದೆಲ್ಲ ನಂತರದ ಮಾತು. ಕಾಗದ ಕೊಟ್ಟ ದಿನವೇ ಮಧ್ಯಾಹ್ನದ ಬಸ್ಸಿಗೆ ನಾನೂ ಹಾಲೇಶಪ್ಪಣ್ಣನೂ ಹೊರಟೆವು. ಅವರು ಕಟ್ಟಕಡೆಯ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಮೋರಿ ಬಂದಾಗ ಎದ್ದು ನಿಂತರು. ಬಸ್ಸು ನಿಂತ ಮೇಲೆ ಇಳಿದೆವು.

ತಿಪ್ಪೇಶಿಯ ಹೆಂಡತಿ ಹನುಮಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಕೋರ್ಟಿನಲ್ಲಿ ನೋಡಿದ್ದರಿಂದ ನಮ್ಮ ಗುರುತು ಸಿಕ್ಕಿತು. ಸೆರಗಿಗೆ ಕೈ ಒರೆಸಿಕೊಂಡು, ಬಂದವರು ಯಾರೇ ಆಗಲಿ ಎನ್ನುವಂತೆ ಚಾಪೆ ಹಾಸಿದಳು. ಹಾಲೇಶಪ್ಪಣ್ಣ ಮಾತು ಶುರುಮಾಡಿ ಅರ್ಧಕ್ಕೆ ನಿಂತರು. ಉಳಿದದ್ದನ್ನು ನಾನು ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ಕಾಲೂರಿ ನಿಂತು ಎರಡೂ ಕಡೆ ನೋಡೇ ಬರೋ ಮನುಷ್ಯ ಅವರು,” ಅಂದಳು ಕೊನೆಗೆ. “ನಾನು ಹೇಳ್ತಾನೇ ಇದ್ದೆ. ಯಾರು ಕೇಳ್ತಾರೆ.”

ಆಮೇಲೆ ಅವಳು ಹೇಳಿದ್ದು ನಾವು ಊಹಿಸದೇ ಇದ್ದ ಸಂಗತಿ. ಆ ಬೆಳಿಗ್ಗೆ ಡೈರಿಗೆ ಹೊತ್ತಾಯಿತೆಂದು ಇವಳು ಗಂಡನನ್ನು ಒಂದೆರಡು ಸಲ ಎಬ್ಬಿಸಿದ್ದಳಂತೆ. ಸೊಸೆ ಅವಸರ ಮಾಡಿ ಕಳಿಸಿದ್ದಕ್ಕೇ ಮಗ ನೋಡದೆ ನುಗ್ಗಿದ ಎಂದು ಅತ್ತೆ ನಂಬಿಬಿಟ್ಟಿದ್ದಳು. ಒಂದೇ ಸೂರಿನಡಿ ಮೂರು ವರ್ಷ ಆ ಮುದುಕಿ ಇವಳ ಜೊತೆ ಮಾತಾಡಿರಲಿಲ್ಲ, ಇವಳು ಕೂತ ಜಾಗದಲ್ಲಿ ಕೂತಿರಲಿಲ್ಲ. ನೋಡದೆ ನುಗ್ಗಿದ ಎಂಬ ಮಾತನ್ನು ಮುದುಕಿಯ ಬಾಯಿಗೆ ಕೊಟ್ಟವಳು ನಾನು, ಸಾಕ್ಷಿ ಕಟ್ಟೆಯಲ್ಲಿ ನಿಂತು.

“ಬನ್ನಿ,” ಅಂದಳು ಹನುಮಕ್ಕ. “ಈಗ ನನಗೆ ಹೇಳಿದ್ದನ್ನ ಅವರ ಮುಂದೆ ಹೇಳಿ. ಕಿವಿ ಮಂದ ಅವರಿಗೆ. ಗಟ್ಟಿಯಾಗಿ ಹೇಳ್ಬೇಕು.”

ಮುದುಕಿ ಹಿತ್ತಲ ಕಡೆಯ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತು ಹೇಳಿದೆ. ಅವಳು ಕಿವಿಗೆ ಕೈ ಹಿಡಿದು, ಏನಂತೆ ಎಂದಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಗಳ ಬಾಗಿಲಿಗೆ ಜನ ಬಂದು ನಿಂತರು. ಮೂರನೆಯ ಸಲ ಹೇಳುವಾಗ ನನ್ನ ದನಿ ಬೀದಿಯ ಕೊನೆಗೂ ಕೇಳುವಂತಿತ್ತು: ನಿಮ್ಮ ಮಗ ನೋಡಿಯೇ ಬಂದಿದ್ದ, ಅವಸರ ಮಾಡಿರಲಿಲ್ಲ, ತಪ್ಪು ನಮ್ಮ ಬಸ್ಸಿನದು, ನಾನು ಕೋರ್ಟಿನಲ್ಲಿ ಸುಳ್ಳು ಹೇಳಿದೆ. ಹಾಲೇಶಪ್ಪಣ್ಣ ನನ್ನ ಪಕ್ಕದಲ್ಲಿ ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದರು.

ಮುದುಕಿ ಕಿವಿಯಿಂದ ಕೈ ತೆಗೆದಳು. ಸುಲಿಯುತ್ತಿದ್ದ ಕಾಯಿಯನ್ನು ಪೂರ್ತಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ಮೊರವನ್ನು ಎತ್ತಿ ಕಾಲ ಮೇಲಿಟ್ಟುಕೊಂಡು, ಸೊಸೆಯ ಮುಖ ನೋಡದೆಯೇ, ಅದಿದ್ದ ಜಾಗದ ಸಿಪ್ಪೆಯನ್ನು ಅಂಗೈಯಿಂದ ಗುಡಿಸಿ ತೆಗೆದಳು. ಹನುಮಕ್ಕ ತುಸು ಹೊತ್ತು ನಿಂತೇ ಇದ್ದಳು. ಆಮೇಲೆ ಹೋಗಿ ಅಲ್ಲಿ ಕೂತಳು, ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡಳು.